ತಿರುಗದ ಪರದೆ

“ಸರ್, ಫೋನನ್ನು ಅಡ್ಡ ತಿರುಗಿಸಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಪರದೆ ತಿರುಗದ ಹಾಗೆ ಬೀಗ ಹಾಕಿಬಿಡಲೇ?” ಎಂದು ನಸೀಮಾ ಕೇಳಿದಳು.

ದಾವಣಗೆರೆಯ ಬಕ್ಕೇಶಪ್ಪ ಮೇಷ್ಟ್ರ ಬಳಿ ಆ್ಯಪ್ ಮಾಡುವ ವಿದ್ಯೆ ಕಲಿಯುತ್ತಿದ್ದವರಲ್ಲಿ ನಸೀಮಾಳ ಕೈ ಎಲ್ಲರಿಗಿಂತ ಚುರುಕು. ಆಶಾ ಕಾರ್ಯಕರ್ತೆಯರು ಗರ್ಭಿಣಿಯರ ವಿವರ ಬರೆದುಕೊಳ್ಳಲಿ ಎಂದು ಅವಳೊಂದು ಆ್ಯಪ್ ಮಾಡಿದ್ದಳು. ಮರುದಿನವೇ ಅದು ಅವರ ಕೈಗೆ ಹೋಗಬೇಕಿತ್ತು. ಬೀಗ ಹಾಕುವುದೆಂದರೆ ಒಂದು ಸಾಲು ಬರೆಯುವ ಕೆಲಸ. ಅದನ್ನು ಆಗಲೇ ಬರೆದಿಟ್ಟು, ಹೂಂ ಅನ್ನಲಿ ಎಂದು ಮೇಷ್ಟ್ರ ಮುಖ ನೋಡುತ್ತಿದ್ದಳು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಬಂದಾಗ ಅವರು ಮಾಡುವುದೇ ಅದು.

“ಹಾಕುವಿಯಂತೆ, ಗಂಟೇನು ಹೋಗುವುದಿಲ್ಲ. ಮೊದಲು ಕೂತು ಇದನ್ನು ಕೇಳು,” ಎಂದು ಹೇಳತೊಡಗಿದರು.

ಒಂದು ಊರಿನ ಈರುಳ್ಳಿ ಮಂಡಿಯಲ್ಲಿ ಹರಾಜು ಕೂಗುವವನೊಬ್ಬನಿದ್ದ. ಅವನದು ಗಂಟಲೆಂದರೆ ಗಂಟಲು! ಮಂಡಿಯ ಈ ತುದಿಯಲ್ಲಿ ನಿಂತು ಬಾಯಿ ಬಿಟ್ಟನೆಂದರೆ, ಆ ತುದಿಯಲ್ಲಿ ಚಹಾ ಕುಡಿಯುತ್ತಿದ್ದವನು ಲೋಟ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದ. ಅಂಥವನ ಗಂಟಲಲ್ಲಿ ಗಡ್ಡೆಯಾಯಿತು. ವೈದ್ಯರು ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು.

ಮೊದಮೊದಲು ಅವನು ಮನೆಯಿಂದ ಹೊರಗೇ ಬರಲಿಲ್ಲ. ತುಟಿ ಆಡಿಸಿದರೆ ಸಾಕು, ಹೆಂಡತಿಗೆ ಅರ್ಥವಾಗುತ್ತಿತ್ತು. ಬೇರೆ ಯಾರಿಗೂ ಆಗುತ್ತಿರಲಿಲ್ಲ. ಜನ ಅವನ ಮುಖ ನೋಡಿ, ತಲೆಯಾಡಿಸಿ, ಏನೋ ತಿಳಿದವರ ಹಾಗೆ ನಕ್ಕು ಹೋಗುತ್ತಿದ್ದರು. ಅದು ಅವನಿಗೆ ಸಾವಿಗಿಂತ ಕಡೆಯೆನಿಸುತ್ತಿತ್ತು.

ಕಡೆಗೊಂದು ದಿನ ಅವನು ಆ್ಯಪ್ ಮಾಡುವವನೊಬ್ಬನಲ್ಲಿಗೆ ಹೋದ. ತನಗೆ ಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದು ಅವನ ಮುಂದಿಟ್ಟ. ಫೋನನ್ನು ನೆಟ್ಟಗೆ ಹಿಡಿದು ಮಾತು ಬರೆಯಬೇಕು. ಅಡ್ಡ ತಿರುಗಿಸಿ ಎದುರಿನವರ ಕಡೆ ಹಿಡಿದರೆ, ಬರೆದದ್ದು ಪರದೆಯ ತುಂಬ ದಪ್ಪಕ್ಷರದಲ್ಲಿ ಕಾಣಬೇಕು. ಅಷ್ಟೇ ಅವನ ಆಸೆ.

ಮಾಡುವವನು ಒಳ್ಳೆಯ ಮನಸ್ಸಿನವನು. ಬಹಳ ಆಸ್ಥೆಯಿಂದಲೇ ಮಾಡಿದ. ಆದರೆ ಫೋನು ಅಡ್ಡವಾದ ಕೂಡಲೇ ಬರೆದದ್ದು ಮಾಯವಾಗುತ್ತಿತ್ತು. ಯಾಕೆ ಎಂದು ನಿನಗೆ ಗೊತ್ತಿದೆ. ಫೋನು ತಿರುಗಿದಾಗ ಹಳೆಯ ಪರದೆಯನ್ನು ಕೆಡವಿ, ಹೊಸ ಅಳತೆಗೆ ಇನ್ನೊಂದನ್ನು ಕಟ್ಟುತ್ತದೆ. ಮನೆಗೆ ಸುಣ್ಣ ಹೊಡೆಯುವಾಗ ನಾವು ಸಾಮಾನನ್ನು ಹೊರಗೆ ತೆಗೆದಿಟ್ಟು, ಆಮೇಲೆ ಒಳಗೆ ಇಡುತ್ತೇವಲ್ಲ, ಹಾಗೆ ಬರೆದದ್ದನ್ನು ಬೇರೆ ಕಡೆ ತೆಗೆದಿಟ್ಟು ಮತ್ತೆ ತಂದು ಇಡಬೇಕು. ಇವನು ಆ ಗೊಡವೆಗೇ ಹೋಗಿರಲಿಲ್ಲ. ಮಾತನ್ನೆಲ್ಲ ಪರದೆಯ ಮೇಲೇ ಬಿಟ್ಟಿದ್ದ.

ಸರಿಪಡಿಸಬೇಕೆಂದು ಕೂತ. ಕೂತಷ್ಟೂ ತಲೆ ಬಿಸಿಯಾಯಿತು. ಹರಾಜಿನವನೋ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಕಡೆಗೆ ಮಾಡುವವನು ಏನು ಮಾಡಿದ? ಈಗ ನೀನು ಮಾಡಹೊರಟಿರುವುದನ್ನೇ ಮಾಡಿದ. ಪರದೆ ತಿರುಗದ ಹಾಗೆ ಬೀಗ ಜಡಿದ.

“ಇನ್ನು ಏನು ಮಾಡಿದರೂ ಅಳಿಸುವುದಿಲ್ಲ ಯಜಮಾನ್ರೇ. ಅಡ್ಡ ಹಿಡಿಯುವುದೊಂದು ಬೇಡ, ಹೀಗೇ ನೆಟ್ಟಗೆ ತೋರಿಸಿ,” ಎಂದು ಕೈಗೆ ಕೊಟ್ಟ.

ಅಕ್ಷರ ಸಣ್ಣದಾಯಿತು. ಸಾಲು ತುಂಡು ತುಂಡಾಗಿ ಕೆಳಗಿಳಿಯಿತು. ಓದುವವರು ಕಣ್ಣು ಕಿರಿದು ಮಾಡಿ ಹತ್ತಿರ ಬರಬೇಕಾಯಿತು. ಹರಾಜಿನವನಿಗೆ ಸ್ವಲ್ಪ ಬೇಜಾರಾಯಿತು, ಆದರೂ ಖುಷಿಯೇ ಹೆಚ್ಚು. ಮಂಡಿಗೆ ಹೋದ. ಹಳೆಯ ಗೆಳೆಯರನ್ನು ಫೋನಿನಲ್ಲೇ ಬೈದ, ರೇಗಿಸಿದ, ನಗಿಸಿದ. ಮಾಡುವವನಿಗೂ ಹೆಮ್ಮೆಯಾಯಿತು. ತಲೆನೋವು ಕಳೆಯಿತೆಂದು ಆ ಕೆಲಸವನ್ನೇ ಮರೆತ.

ಹೀಗಿರುವಾಗ ಹರಾಜಿನವನ ಹೆಂಡತಿಯ ಕಾಲಿಗೆ ಮೊಳೆ ಚುಚ್ಚಿ ಗಾಯ ಕೀವಾಯಿತು. ಅವಳು ಯಾರಿಗೂ ಹೇಳದೆ ಓಡಾಡಿಕೊಂಡಿದ್ದಳು. ಒಂದು ಸಂಜೆ ಮೈ ಕೆಂಡವಾಯಿತು, ನಾಲಗೆ ತೊದಲಿತು, ಕಣ್ಣು ಮೇಲಾಯಿತು. ಅವನು ಆಟೋದಲ್ಲಿ ಹಾಕಿಕೊಂಡು ಒಂದು ಆಸ್ಪತ್ರೆಗೆ ಓಡಿದ.

ಆ ಹೆಂಗಸಿಗೆ ಪೆನಿಸಿಲಿನ್ ಆಗುತ್ತಿರಲಿಲ್ಲ. ಹಿಂದೆ ಒಮ್ಮೆ ಬೇರೆ ಊರಿನಲ್ಲಿ ಚುಚ್ಚಿದಾಗ ಮುಖ ಊದಿ, ಉಸಿರು ಕಟ್ಟಿ, ಹೆಣವಾಗಿ ಬರುವುದು ಸ್ವಲ್ಪದರಲ್ಲಿ ತಪ್ಪಿತ್ತು. ಇನ್ನೊಂದು ಸಲ ಕೊಟ್ಟರೆ ಉಳಿಯುವುದಿಲ್ಲ ಎಂದು ಆಗಿನ ವೈದ್ಯರು ಹೇಳಿದ್ದರು. ಅದು ಗೊತ್ತಿದ್ದವರು ಇಬ್ಬರೇ. ಒಬ್ಬಳಿಗೆ ಪ್ರಜ್ಞೆ ಇರಲಿಲ್ಲ, ಇನ್ನೊಬ್ಬನಿಗೆ ದನಿ ಇರಲಿಲ್ಲ.

ನರ್ಸು ಚುರುಕಿನ ಹೆಂಗಸು. ಹೆಸರು, ವಯಸ್ಸು, ಜ್ವರ ಯಾವಾಗಿನಿಂದ ಎಂದೆಲ್ಲ ಕೇಳಿದಳು. ಅವನು ಬರೆದು ತೋರಿಸಿದ, ಅವಳು ಓದಿಕೊಂಡಳು. ಅಷ್ಟರಲ್ಲಿ ಪಕ್ಕದ ಮಂಚದಲ್ಲಿ ಯಾರೋ ಕಿರುಚಿಕೊಂಡರು. ಅವಳು ಅತ್ತ ಓಡುತ್ತಲೇ ಕೊನೆಯ ಪ್ರಶ್ನೆ ಕೇಳಿದಳು.

“ಇವರಿಗೆ ಯಾವುದಾದರೂ ಔಷಧಿ ಆಗಲ್ಲ ಅಂತಿದ್ದರೆ ಬರೆದಿಡಿ ಯಜಮಾನ್ರೇ, ಬಂದು ನೋಡ್ತೀನಿ.”

ಅವನ ಎದೆ ಹಗುರಾಯಿತು. ಸದ್ಯ, ಕೇಳಿದಳಲ್ಲ! ಅವಸರದಲ್ಲಿ ಅಕ್ಷರ ತಪ್ಪುತ್ತಿದ್ದವು. ಅಳಿಸಿ ಅಳಿಸಿ ಬರೆದ. ‘ಪೆನಿಸಿಲಿನ್ ಕೊಡಬೇಡಿ. ಹಿಂದೆ ಕೊಟ್ಟಾಗ ಉಸಿರು ನಿಂತಿತ್ತು.’ ಎರಡು ಸಲ ಓದಿಕೊಂಡ. ಸರಿಯಾಗಿತ್ತು. ಫೋನನ್ನು ನರ್ಸು ಬರುವ ಕಡೆ ಮುಖ ಮಾಡಿ ನೆಟ್ಟಗೆ ಎತ್ತಿ ಹಿಡಿದ. ಎಲ್ಲಿ ಕೈ ಅಲ್ಲಾಡಿ ಓದಲಾಗದೆ ಹೋಗುತ್ತದೋ ಎಂದು ಇನ್ನೊಂದು ಕೈಯನ್ನೂ ಕೊಟ್ಟು ಭದ್ರವಾಗಿ ಹಿಡಿದ.

ಅದೇ ಹೊತ್ತಿಗೆ ಹೊರಗೆ ಸೂರ್ಯ ಮುಳುಗಿದ. ಹೊತ್ತು ಮುಳುಗಿದ ಮೇಲೆ ಕಣ್ಣಿಗೆ ಹಿತವಾಗಲಿ ಎಂದು ತಾನಾಗಿಯೇ ಬಿಳಿ ಬಿಟ್ಟು ಕಪ್ಪು ಬಣ್ಣಕ್ಕೆ ಬರುವ ಏರ್ಪಾಡು ಅವನ ಫೋನಿನಲ್ಲಿತ್ತು. ಎಷ್ಟೋ ಫೋನುಗಳಲ್ಲಿ ಇರುತ್ತದೆ. ಹಾಗೆ ಬಣ್ಣ ಬದಲಾಗುವಾಗಲೂ ಫೋನು ಹಳೆಯ ಪರದೆಯನ್ನು ಕೆಡವಿ ಹೊಸದನ್ನು ಕಟ್ಟುತ್ತದೆ. ಅವತ್ತೂ ಕಟ್ಟಿತು. ಬರೆದದ್ದು ಹೋಯಿತು.

ಫೋನಿನ ಬೆನ್ನು ಅವನ ಕಡೆಗಿತ್ತು. ಅವನಿಗೆ ಏನೂ ಕಾಣಲಿಲ್ಲ.

ನರ್ಸು ಬಂದಳು, ಬಗ್ಗಿ ನೋಡಿದಳು. ಪರದೆ ಖಾಲಿಯಿತ್ತು. ಕೇಳಿದ್ದಕ್ಕೆಲ್ಲ ಬರೆದು ತೋರಿಸಿದ ಮನುಷ್ಯ ಈಗ ಖಾಲಿ ಪರದೆ ಹಿಡಿದಿದ್ದಾನೆ ಎಂದರೆ ಬರೆಯಲು ಏನೂ ಇಲ್ಲ ಎಂದೇ ಅವಳು ತಿಳಿದಳು. ಯಾರಾದರೂ ಹಾಗೇ ತಿಳಿಯುತ್ತಿದ್ದರು.

“ಆಯ್ತು ಯಜಮಾನ್ರೇ, ಗೊತ್ತಾಯ್ತು. ಹೆದರಬೇಡಿ, ಈಗಲೇ ಇಂಜೆಕ್ಷನ್ ಕೊಡ್ತೀನಿ,” ಎಂದಳು.

ಗೊತ್ತಾಯ್ತು ಎಂದಳಲ್ಲ, ಅವನು ನಂಬಿದ. ಕೈಮುಗಿದ. ಕಣ್ಣಲ್ಲಿ ನೀರು ಬಂತು. ಹೆಂಡತಿಯ ಹಣೆ ಸವರಿ, ‘ಹೇಳಿದ್ದೇನೆ ಕಣೇ, ಹೇಳಿದ್ದೇನೆ’ ಎಂದು ತುಟಿ ಆಡಿಸಿದ. ನರ್ಸು ಸೀಸೆ ಅಲುಗಾಡಿಸಿ ಸಿರಿಂಜಿಗೆ ಔಷಧಿ ಎಳೆದುಕೊಂಡಳು. ಅವಳು ಎಳೆದುಕೊಳ್ಳುವುದನ್ನು ನೋಡುತ್ತ ಅವನು ನೆಮ್ಮದಿಯಿಂದಲೇ ಕೂತಿದ್ದ.

ಅವಳು ಹೆಂಡತಿಯ ತೋಳನ್ನು ಹತ್ತಿಯಿಂದ ಒರೆಸುವಾಗ ಅವನು ಫೋನನ್ನು ಜೇಬಿಗಿಡಲು ಹೋದ. ಕಣ್ಣು ಪರದೆಯ ಮೇಲೆ ಬಿತ್ತು. ಕಪ್ಪು ಪರದೆ. ಒಂದಕ್ಷರ ಇಲ್ಲ.

ಅವಳು ಓದಿದ್ದೇನು ಹಾಗಾದರೆ? ಗೊತ್ತಾಯ್ತು ಎಂದದ್ದು ಏನನ್ನು? ಬೇಡ ಎಂದು ಕೂಗಲು ಬಾಯಿ ತೆರೆದ. ಮಂಡಿಯನ್ನೇ ನಡುಗಿಸುತ್ತಿದ್ದ ಬಾಯಿಂದ ಬರೀ ಗಾಳಿ ಬಂತು. ನರ್ಸು ತಲೆ ಎತ್ತಲಿಲ್ಲ. ಮತ್ತೆ ಬರೆಯಲು ಹೊತ್ತೆಲ್ಲಿತ್ತು? ಸೂಜಿ ತೋಳಿನ ಹತ್ತಿರ ಬಂದಿತ್ತು. ಅವನು ಫೋನು ಬಿಸಾಕಿ, ಹೆಂಡತಿಯ ತೋಳಿನ ಮೇಲೆ ಅಂಗೈ ಒತ್ತಿ ಹಿಡಿದ.

ಸೂಜಿ ಅವನ ಕೈಗೆ ಇಳಿಯಿತು.

“ಅಯ್ಯೋ, ನಿಮಗೇನು ತಲೆ ಕೆಟ್ಟಿದೆಯಾ?” ಎಂದು ನರ್ಸು ಚೀರಿದಳು. ಜನ ಸೇರಿದರು. ಇಬ್ಬರು ಅವನ ರಟ್ಟೆ ಹಿಡಿದು ಎಳೆದರು. ಎಳೆದರೂ ಅವನು ಆ ತೋಳು ಬಿಡಲಿಲ್ಲ. ಒದೆ ತಿಂದರೂ ಬಿಡುತ್ತಿರಲಿಲ್ಲ. ಗಲಾಟೆಗೆ ವೈದ್ಯರು ಬಂದರು. ಅವನ ಮುಖ ನೋಡಿ, ಎಲ್ಲರನ್ನೂ ದೂರ ಸರಿಸಿ, ತಮ್ಮ ಪೆನ್ನು ತೆಗೆದು ಕೊಟ್ಟರು. ಅವನು ರಕ್ತ ಜಿನುಗುವ ಕೈಯಲ್ಲೇ ಮಂಚದ ಹಾಸಿಗೆಯ ಮೇಲೆ ಬರೆದ. ವೈದ್ಯರು ಓದಿದರು. ನರ್ಸು ಓದಿ ಆ ಸೀಸೆಯನ್ನು ದೂರ ಎತ್ತಿಟ್ಟಳು.

ಬೇರೆ ಔಷಧಿ ಕೊಟ್ಟರು. ಆ ಹೆಂಗಸು ಬದುಕಿದಳು.

ಸುದ್ದಿ ತಿಳಿದು ಮರುದಿನ ಮಾಡುವವನು ಓಡಿ ಬಂದ. “ನಾನು ಬೀಗ ಹಾಕಿದ್ದೆ ಯಜಮಾನ್ರೇ, ದೇವರಾಣೆ ಹಾಕಿದ್ದೆ. ಅದು ತಿರುಗಲು ಸಾಧ್ಯವೇ ಇಲ್ಲ,” ಎಂದ.

ಹರಾಜಿನವನು ಬ್ಯಾಂಡೇಜು ಸುತ್ತಿದ ಕೈಯಲ್ಲಿ ಒಂದು ಚೀಟಿಯ ಮೇಲೆ ನಿಧಾನವಾಗಿ ಬರೆದು ಅವನ ಮುಂದೆ ಹಿಡಿದ. ‘ತಿರುಗಲಿಲ್ಲಪ್ಪ. ಹೊತ್ತು ಮುಳುಗಿತು.’

ಮಾಡುವವನು ಅದನ್ನು ಓದಿದ. ಅವನಿಗೆ ಎಲ್ಲ ಅರ್ಥವಾಯಿತು. ಮಂಚದ ಮೇಲಿದ್ದ ಹೆಂಗಸಿನ ಕಡೆ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಮೇಷ್ಟ್ರು ಅಲ್ಲಿಗೆ ಕತೆ ನಿಲ್ಲಿಸಿದರು. ನಸೀಮಾ ಮನಸ್ಸಿಟ್ಟು ಕೇಳಿದ್ದಳು. ಆದರೂ ಮರುದಿನದ ಕೆಲಸ ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು.

“ಸರ್, ತಿರುಗುವುದಕ್ಕೆ ಹಾಕಿದ ಹಾಗೆ ಆ ಬಣ್ಣ ಬದಲಾಗುವುದಕ್ಕೂ ಒಂದು ಬೀಗ ಹಾಕಿದ್ದರೆ ಆಗುತ್ತಿತ್ತಲ್ಲವೇ?” ಎಂದಳು.

ಮೇಷ್ಟ್ರು ಅವಳನ್ನೇ ನೋಡಿದರು.

“ಹಾಕು ತಾಯಿ, ಹಾಕಿ, ಆ ಮಂಚದ ಮೇಲೆ ನಿನ್ನ ಅಮ್ಮಿಯನ್ನು ಮಲಗಿಸಿ, ಇನ್ನೇನೇನಕ್ಕೆ ಬೀಗ ಹಾಕುವುದು ಬಾಕಿಯಿದೆ ಎಂದು ಎಣಿಸುತ್ತ ಪಕ್ಕದಲ್ಲಿ ಕೂರು.”