ಇಳಿಸಲಾಗದ ಪಲ್ಲಕ್ಕಿ

"ಕೇಳ್ರಪ್ಪೋ ಕೇಳಿ! ಏಳುಬಾಗಿಲ ದುರ್ಗದ ದೊರೆ ಸೋಮಭೂಪಾಲರ ಅಪ್ಪಣೆ! ಅರಮನೆ ಬೆಟ್ಟದ ದಾರಿಯಲ್ಲಿ ಪಲ್ಲಕ್ಕಿ ಹೊರುವವರು ಎದೆ ಹಿಡಿದುಕೊಂಡು ಸಾಯುತ್ತಿದ್ದಾರೆ. ಗಾಯವಿಲ್ಲ, ವಿಷವಿಲ್ಲ. ದೊರೆಯ ಮೂರು ಒಗಟು ಒಡೆದು ಕೊಲೆಗಡುಕನನ್ನು ತೋರಿಸಿದವನಿಗೆ ಕೇಳಿದ್ದು ಕೊಡಲಾಗುವುದು. ತಪ್ಪು ಹೇಳಿದವನು ಸತ್ತವನ ಜಾಗಕ್ಕೆ ಹೆಗಲು ಕೊಟ್ಟು, ಎದೆ ಒಡೆಯುವ ತನಕ ಹೊರತಕ್ಕದ್ದು!"

ಆ ಡಂಗುರದ ಸದ್ದಿಗೆ ಮೂರೂರಾಚೆ ಒಲೆ ಮೇಲಿದ್ದ ಹಾಲು ಒಡೆದುಹೋಯಿತು. ಸುಳ್ಳೆನ್ನುವವರು ಬರಲಿ, ಆ ಒಡೆದ ಹಾಲು ಕುಡಿದವರ ಮೊಮ್ಮಕ್ಕಳು ಇನ್ನೂ ಇದ್ದಾರೆ.

ಆ ಹೊತ್ತಿನಲ್ಲಿ ಪಾಲಯ್ಯ ಅಪ್ಪನ ಹೆಗಲಿಗೆ ಹರಳೆಣ್ಣೆ ತೀಡುತ್ತಿದ್ದ. ಅಪ್ಪ ಗಾದ್ರಪ್ಪ ದೊರೆಯ ಪಲ್ಲಕ್ಕಿಯ ಮುಂದಿನ ಕೊಂಬು ಹೊರುವವನು. ಈಚೀಚೆಗೆ ಎಡತೋಳು ಜೋಮು ಹಿಡಿಯುತ್ತಿತ್ತು. ಏರು ಕಂಡರೆ ಸಾಕು, ಎದೆ ಮೇಲೆ ಬೀಸುಕಲ್ಲು ಇಟ್ಟ ಹಾಗೆ.

"ನಾಳೆ ಹೋಗಬೇಡಪ್ಪ."

"ಹೋಗದಿದ್ದರೆ ಗುಡಿಸಲು ಬಿಡಿಸ್ತಾರೆ ಮಗ. ಹೋದರೆ ಬರೀ ಎದೆನೋವು. ಯಾವುದು ವಾಸಿ, ನೀನೇ ಹೇಳು," ಎಂದು ಗಾದ್ರಪ್ಪ ನಕ್ಕ. ನಗುವಾಗಲೂ ಏದುಸಿರು.

ಪಾಲಯ್ಯ ಎಣ್ಣೆಗೈಯನ್ನು ತಲೆಗೆ ಒರೆಸಿಕೊಂಡು ಹೊರಟು, ಬೆಳಗಾಗುವಾಗ ಬೆಟ್ಟದ ಬುಡದ ದೊರೆಯ ಚಾವಡಿ ಮುಟ್ಟಿದ.

ಸೋಮಭೂಪಾಲ ಸಾಮಾನ್ಯದ ದೊರೆಯಲ್ಲ. ಅವನು ಕೂತರೆ ಸಿಂಹಾಸನದ ಸಿಂಹಗಳು ನಾಲಗೆ ಹೊರಚಾಚುತ್ತಿದ್ದವು. ಆದರೆ ಮನಸ್ಸು ಕೆಟ್ಟದ್ದಲ್ಲ. ಪಲ್ಲಕ್ಕಿ ಹೊರುವ ಪ್ರತಿಯೊಬ್ಬ ಬೋವಿ ಸತ್ತಾಗಲೂ ಕಣ್ಣೀರಿಡುತ್ತಿದ್ದ. ಕಣ್ಣೊರೆಸಿಕೊಂಡು ಇನ್ನೊಬ್ಬನನ್ನು ಕರೆಸುತ್ತಿದ್ದ.

ಅವನ ಮೊದಲ ಒಗಟು ಇದು: "ಇಬ್ಬರು ಒಂದೇ ಊಟ ಉಂಡರು, ಒಂದೇ ಭಾರ ಹೊತ್ತರು, ಒಂದೇ ಬೆಟ್ಟ ಹತ್ತಿದರು. ಒಬ್ಬ ಹಾಡುತ್ತಾ ತುದಿ ಮುಟ್ಟಿದ, ಇನ್ನೊಬ್ಬನ ಎದೆ ಒಡೆಯಿತು. ತಕ್ಕಡಿಗೆ ಸಿಗದ ಯಾವ ಹೊರೆ ಅವನ ಮೇಲಿತ್ತು?"

ಜಟ್ಟಿ ಸಿಡಿಲಮಲ್ಲ ತೊಡೆ ತಟ್ಟಿದ. ಅವನ ಎದೆಯೆಂದರೆ ಎರಡು ಎತ್ತು ಅಡ್ಡ ಮಲಗುವಷ್ಟು ಅಗಲ. "ಹೊರೆಯೂ ಇಲ್ಲ, ಗಿರೆಯೂ ಇಲ್ಲ. ಅವನದು ಹಪ್ಪಳದ ಎದೆ!"

"ತಪ್ಪು," ಎಂದ ದೊರೆ. ಜಟ್ಟಿಯನ್ನು ಕೊಂಬಿಗೆ ಹಾಕಿದರು. ಮುಂದೆ ಹುಣ್ಣಿಮೆಯೊಳಗೆ ಅವನೂ ನಾಲ್ಕನೇ ಬಾಗಿಲಲ್ಲಿ ಎದೆ ಹಿಡಿದು ಕುಸಿದ.

ರಾಜವೈದ್ಯರು ಗಂಟಲು ಸರಿಮಾಡಿಕೊಂಡರು. "ಎರಡನೆಯವನು ಕದ್ದು ಕೊಬ್ಬು ತಿಂದಿದ್ದಾನೆ ಪ್ರಭು. ಮೇಲೆ ಹೊಗೆಸೊಪ್ಪು."

"ಒಂದೇ ಊಟ ಅಂದೆನಲ್ಲ ಪಂಡಿತರೇ," ಎಂದು ದೊರೆ ನೊಂದುಕೊಂಡ. ಪಂಡಿತರ ಹೆಗಲೂ ಕೊಂಬಿಗೆ ಹೋಯಿತು.

ಪಾಲಯ್ಯ ಕೈಮುಗಿದು ನಿಂತ.

"ಬುದ್ಧಿ, ನಮ್ಮೂರಲ್ಲಿ ಮದುಮಗಳ ಪಲ್ಲಕ್ಕಿ ಹೊರ್ತೀವಿ. ದಣಿದವನು 'ಹೋ' ಅಂದರೆ ಎಲ್ಲರೂ ಇಳಿಸಿ ಹೆಗಲು ಬದಲಾಯಿಸ್ತೀವಿ. ಇಲ್ಲಿ ಹೆಗಲು ಬದಲಿಸೋಕೆ ತಮ್ಮಜ್ಜಾರು ನೆಟ್ಟ ಹೆಗಲುಗಲ್ಲು ಬರಬೇಕು, ಗಂಟೆಗಾರ ಗಂಟೆ ಹೊಡೀಬೇಕು. ಅದಕ್ಕೂ ಮುಂಚೆ ಜೀವ ಹೋದರೂ ಇಳಿಸೋ ಹಾಗಿಲ್ಲ. ಆ 'ಹಾಗಿಲ್ಲ' ಅನ್ನೋದೇ ಹೆಚ್ಚಿನ ಹೊರೆ."

ದೊರೆ ಮುಂದಕ್ಕೆ ಬಾಗಿದ. ಸಿಂಹಾಸನ ಕಿರುಗುಟ್ಟಿತು. "ಗೂಟ ಬಿಟ್ಟು ಕದಲದೆ ಹುಟ್ಟಿನಿಂದ ಓಡುವ ಕುದುರೆ ಯಾವುದು? ಒಡೆಯ ಮಲಗಿದರೆ ಅದು ನಡಿಗೆಗಿಳಿಯುತ್ತದೆ. ಆಳು ಮಲಗಿದರೂ ಓಡುತ್ತಲೇ ಇರುತ್ತದೆ."

"ಗುಂಡಿಗೆ, ಬುದ್ಧಿ. ನಮ್ಮಪ್ಪ ಮಲಗಿದಾಗ ಕಿವಿ ಇಟ್ಟು ಕೇಳಿದ್ದೀನಿ. ಬೆಳಗಿನ ಗಂಟೆ ನೆನೆಸಿಕೊಂಡು ನಿದ್ದೇಲೇ ಬೆಟ್ಟ ಹತ್ತುತಿರ್ತದೆ."

ದೊರೆ ಮೂರನೇ ಬೆರಳು ಮಡಿಚಿದ.

"ಕೊನೆಯದು. ಒಬ್ಬ ಕಳ್ಳ ಕೆಳಮೆಟ್ಟಿಲಲ್ಲಿ ರಾಶಿ ರಾಶಿ ಒಯ್ಯುತ್ತಾನೆ, ನಡುವೆ ಬೊಗಸೆಯಷ್ಟು, ಮೇಲೆ ಚಿಟಿಕೆಯಷ್ಟು. ಅವನು ಅಡಗಿರುವುದು ಎಲ್ಲಿ?"

ಸುಳ್ಳು ಹೇಳಿದರೆ ಕೊಂಬು; ನಿಜ ಹೇಳಿದರೆ ಏನೋ, ದೇವರೇ ಬಲ್ಲ. ಪಾಲಯ್ಯನಿಗೆ ಅಪ್ಪನ ಏದುಸಿರು ನೆನಪಾಯಿತು.

"ಅವನು ಎಲ್ಲೂ ಅಡಗಿಲ್ಲ ಬುದ್ಧಿ. ಮೆಟ್ಟಿಲೇ ಕಳ್ಳ, ಒಯ್ಯೋದು ಜೀವ. ಮೇಲಿನದರ ಭಾರವೆಲ್ಲ ಕೆಳಗಿನದರ ತಲೆ ಮೇಲೆ. ನಮ್ಮವರನ್ನ ಕೊಲ್ಲೋನೂ ಅವನೇ."

ದೊರೆಯ ಗಲ್ಲದ ಮೇಲೆ ನೀರಿಳಿಯಿತು. "ಸರಿಯಾಗಿ ಹೇಳಿದೆ. ಏನು ಬೇಕು ಕೇಳು."

"ನಮ್ಮಪ್ಪ ಇನ್ನು ಪಲ್ಲಕ್ಕಿ ಹೊರಬಾರದು. ಅಷ್ಟೇ."

"ಕೊಟ್ಟೆ! ಆದರೆ ಗೆದ್ದವನು ನೆಲ ಮುಟ್ಟದೆ ಬೆಟ್ಟ ಹತ್ತಿ ಉಡುಗೊರೆ ತೆಗೆದುಕೊಳ್ಳಬೇಕು. ಅದು ನಮ್ಮ ವಂಶದ ಪದ್ಧತಿ. ತುದಿಯಲ್ಲಿ ಅಪ್ಪಣೆ ಓದಿಸುತ್ತೇನೆ."

ಪಾಲಯ್ಯ ಬಾಯಿ ತೆರೆಯುವಷ್ಟರಲ್ಲಿ ನಾಲ್ಕು ಜನ ಅವನನ್ನೆತ್ತಿ ಪಲ್ಲಕ್ಕಿಯ ಮಖಮಲ್ಲಿನ ಮೇಲೆ ಕೂರಿಸಿದ್ದರು. ದೊರೆಯ ಆನೆ ಹಿಂದೆ ಹೊರಟಿತು. ಪರದೆ ಸರಿಸಿ ನೋಡಿದರೆ ಮುಂದಿನ ಕೊಂಬಿನಡಿ ಎಣ್ಣೆ ಹೊಳೆಯುವ ಹೆಗಲು.

"ಅಪ್ಪಾ! ಇಳಿತೀನಿ!"

"ಅಲುಗಬೇಡ ಮಗ. ನೀನು ವಾಲಿದರೆ ಭಾರವೆಲ್ಲ ನನ್ನ ಕಡೆಗೇ ಬರ್ತದೆ. ಕೂತ್ಕೋ. ನಮ್ಮ ವಂಶದಲ್ಲಿ ಇದರೊಳಗೆ ಕೂತವನು ನೀನೊಬ್ಬನೇ."

ಪಾಲಯ್ಯ ಅಲುಗಲಿಲ್ಲ. ಹಗುರಾಗಲೆಂದು ಉಸಿರು ಕೂಡ ಬಿಗಿಹಿಡಿದ. ಐದನೇ ಬಾಗಿಲ ಏರಿನಲ್ಲಿ ಅಪ್ಪನ ಎದೆ ತೂತುಬಿದ್ದ ತಿದಿಯಂತೆ ಸದ್ದು ಮಾಡಿತು.

"ಹೋ!" ಎಂದು ಪಾಲಯ್ಯ ಕೂಗಿದ. "ಹೋ! ಹೋ!"

ಬೋವಿಗಳ ಹೆಜ್ಜೆ ತಡವರಿಸಿತು. ಎಲ್ಲರೂ ಗಂಟೆಗಾರನ ಮುಖ ನೋಡಿದರು. ಅವನು ಬೆವರೊರೆಸಿಕೊಂಡ. "ನನಗೂ ಹೆಂಡತಿ ಮಕ್ಕಳಿದ್ದಾರಪ್ಪ. ಅಗೋ, ಕಲ್ಲು ಕಾಣ್ತಾ ಇದೆ. ಇನ್ನೊಂದು ನಾಲ್ಕು ಹೆಜ್ಜೆ."

ಗಾದ್ರಪ್ಪ ಆ ಹೆಜ್ಜೆಗಳನ್ನು ಇಡಲಿಲ್ಲ. ಪಲ್ಲಕ್ಕಿ ಮುಂದಕ್ಕೆ ವಾಲಿತು, ಪಾಲಯ್ಯ ಉರುಳಿ ಅಪ್ಪನ ಪಕ್ಕದಲ್ಲೇ ಬಿದ್ದ. ಎದೆಗೆ ಕಿವಿ ಇಟ್ಟ. ಕುದುರೆ ನಿಂತಿತ್ತು.

ದೊರೆ ಆನೆಯಿಂದಿಳಿದು ಬಿಕ್ಕಿ ಬಿಕ್ಕಿ ಅತ್ತ. "ನಾನೇನು ಮಾಡಲಿ? ಕಲ್ಲು ನೆಟ್ಟವನು ನಮ್ಮಜ್ಜ. ಕೊಟ್ಟ ಮಾತಿಗೆ ತಪ್ಪಲಿಲ್ಲ ಕಣಪ್ಪ. ನಿನ್ನಪ್ಪ ಇನ್ನು ಹೊರುವುದಿಲ್ಲ."

ಮುಂದಿನ ಕೊಂಬಿನಲ್ಲಿ ಉಳಿದವನೊಬ್ಬನೇ ಎರಡು ಪಾಲು ಹೊತ್ತು ನಡುಗುತ್ತಿದ್ದ. ಅವನಿಗೂ ಎಡತೋಳು ಜೋಮು. ಪಾಲಯ್ಯ ಅಪ್ಪನ ಕಣ್ಣು ಮುಚ್ಚಿ, ಎದ್ದು ಖಾಲಿ ಜಾಗಕ್ಕೆ ಹೆಗಲು ಕೊಟ್ಟ. ಪಲ್ಲಕ್ಕಿಯೊಳಗೆ ಯಾರೂ ಇರಲಿಲ್ಲ. ಆದರೂ ಇಳಿಸುವ ಹಾಗಿರಲಿಲ್ಲ.

ಕಲ್ಲು ಬಂತು. ಗಂಟೆ ಹೊಡೆಯಿತು.

ಅವರು ಅಲ್ಲಿ ಹೆಗಲು ಬದಲಿಸಿದರು. ಕತೆ ಕೇಳಿದವರು ಇಲ್ಲಿ ಮಗ್ಗುಲು ಬದಲಿಸಿ.