ದ್ಯಾವಣ್ಣನ ನಲವತ್ತೊಂದು ಸುಳಿ

ಕೃಷ್ಣೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಮಂತ್ರದ ಜೊತೆಗೆ ಡೇಟಾಬೇಸನ್ನೂ ಕಲಿಸುತ್ತಿದ್ದರು. ನಗಬೇಡಿ. ಎರಡಕ್ಕೂ ಬೇಕಾದ ಶಿಸ್ತು ಒಂದೇ ಎನ್ನುವುದು ಗುರು ನಿರಂಜನಯ್ಯನವರ ಅಂಬೋಣ.

ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ಡೇಟಾಬೇಸಿನೊಳಗೆ ಯಾರೇ ಹೊಸ ಡೇಟಾ ಟೈಪ್, ಅಂದರೆ ಮಾಹಿತಿ ತುಂಬಿಡುವ ಹೊಸ ಅಚ್ಚು, ಕಟ್ಟಲಿ, ಮೊದಲು ಅದರಲ್ಲಿ ತನ್ನದೇ ಒಂದು ಮಾತು ಇಡಬೇಕು. ಕಂಪ್ಯೂಟರನ್ನು ತನ್ನ ಕೈಯಾರೆ ಆರಿಸಿ, ಮತ್ತೆ ಹೊತ್ತಿಸಿ, ಓದಿ ನೋಡಬೇಕು. ಬೇರೆಯವರ ಮಾತು ಇಡುವುದು ಆಮೇಲೆ.

ಶಿಷ್ಯ ಇಂದುಧರ ಬಲು ಚುರುಕು. ಚುರುಕಾದವರಿಗೆ ಕಟ್ಟಳೆಗಳೆಲ್ಲ ದಡ್ಡರಿಗಾಗಿ ಮಾಡಿದ್ದು ಅನ್ನಿಸುತ್ತದೆ.

ಆಶ್ರಮದ ಪಕ್ಕದ ಊರಿನ ಅಂಬಿಗ ದ್ಯಾವಣ್ಣನ ಗಂಟಲಲ್ಲಿ ಗಡ್ಡೆ ಎದ್ದಿತ್ತು. ಆಪರೇಷನ್ ಆದ ಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವನಿಗೆ ಓದು ಬರಹ ಬಾರದು. ಹೊಳೆಯ ನಲವತ್ತೊಂದು ಸುಳಿಗಳ ಗುಟ್ಟು ಅವನೊಬ್ಬನಿಗೇ ಗೊತ್ತು. ಅವನ ಹರಿಗೋಲಿನಲ್ಲೇ ಮಕ್ಕಳು ಆಚೆ ದಂಡೆಯ ಶಾಲೆಗೆ ಹೋಗುತ್ತಿದ್ದರು.

ಗುರುಗಳು ಇಂದುಧರನನ್ನು ಕರೆದರು.

"ದ್ಯಾವಣ್ಣನ ಮಾತು ಉಳಸು. ನಾಳೆ ಹುಟ್ಟು ಹಿಡಿಯಾವ ಯಾರ ಇರಲಿ, ಕೇಳಿದ್ರ ಸಿಗಬೇಕು."

ದ್ಯಾವಣ್ಣನ ದನಿ ಆಗಲೇ ಉಸಿರಿನಷ್ಟಾಗಿತ್ತು. ಫೋನಿನಲ್ಲಿ ಹಿಡಿದರೆ ಬರೀ ಗೊರಗೊರ. ಇಂದುಧರ ಅವನ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿ, ಕೇಳಿದ್ದನ್ನು ಕಂಪ್ಯೂಟರಿಗೆ ಹಾಕುತ್ತ ಹೋದ.

ಒಂದು ಸುಳಿಗೆ ದ್ಯಾವಣ್ಣ ಹೇಳಿದ್ದು ಒಂದೇ ಮಾತು: "ಹೋಗಬ್ಯಾಡ." ಇನ್ನೊಂದಕ್ಕೆ ಇಡೀ ಮುಂಜಾನೆ ಬೇಕಾಯಿತು. ಯಾವ ತಿಂಗಳು, ಎಷ್ಟು ಆಳ, ನೀರು ಯಾವ ಕಡೆ ತಿರುಗುತ್ತದೆ, ಅದು ಎಳೆದರೆ ಏನು ಮಾಡಬೇಕು. ಡೇಟಾಬೇಸಿನಲ್ಲಿ ಇದ್ದ ಯಾವ ಟೈಪೂ ಇದಕ್ಕೆ ಒಗ್ಗಲಿಲ್ಲ.

ಹಾಗಾಗಿ ಇಂದುಧರ ತಾನೇ ಒಂದು ಟೈಪ್ ಕಟ್ಟಿದ. ಅದಕ್ಕೆ 'ಸುಳಿ' ಎಂದು ಹೆಸರಿಟ್ಟ. ಒಂದೊಂದು ಸುಳಿಯೂ ತನಗೆ ಬೇಕಾದಷ್ಟು ಉದ್ದ ಇರಬಹುದು. ಮೊದಲು ಉದ್ದದ ಅಳತೆ, ಅದರ ನಂತರ ಮಾತು. ಒಳ್ಳೆಯ ಕೆಲಸವೇ.

ಎಂಟು ದಿನಕ್ಕೆ ಎಲ್ಲ ಮುಗಿಯಿತು. ಒಂಬತ್ತನೆಯ ದಿನ ಮಧ್ಯಾಹ್ನ ದ್ಯಾವಣ್ಣ ಆಸ್ಪತ್ರೆಗೆ ಹೊರಟವನು, ಗುರುಗಳಿಗೆ ಕೈಮುಗಿಯಲು ಬಂದು ಕಟ್ಟೆಯ ಮೇಲೆ ಕೂತ.

ಗುರುಗಳು ಇಂದುಧರನನ್ನು ಕೇಳಿದರು.

"ಎಲ್ಲಾ ಆತೇನಪಾ?"

"ಆತ್ರೀ ಗುರುಗಳ. ನಲವತ್ತೊಂದೂ ಅದಾವ. ಯಾವಾಗ ಕೇಳಿದ್ರೂ ಒಂದ ಅಕ್ಷರ ತಪ್ಪಿಲ್ಲ."

"ಆರಿಸಿ ನೋಡಿದಿ?"

ಇಂದುಧರ ಸ್ಕ್ರೀನಿನ ಕಡೆ ಕೈಮಾಡಿದ.

"ಎಂಟು ದಿನದಿಂದ ಛಲೋ ನಡದೈತ್ರಿ. ಅದಕ್ಕ..."

"ಈಗ ಆರಿಸು."

ಇಂದುಧರ ಆರಿಸಿದ. ಆಗಲೂ ಅವನ ಮುಖದಲ್ಲಿ ಒಂದು ಸಣ್ಣ ನಗು ಇತ್ತು. ಮತ್ತೆ ಹೊತ್ತಿಸಿದ. ಟೇಬಲ್ ತೆರೆದ.

ನಲವತ್ತೊಂದು ಸಾಲು ಬಂದವು. ಪ್ರತಿ ಸಾಲಿನಲ್ಲೂ ಸುಳಿಯ ಹೆಸರಿತ್ತು. ಮಾತಿನ ಉದ್ದ ಇತ್ತು. 'ಕೋಣನ ಮಡು, ಆರು ಸಾವಿರದ ಇನ್ನೂರು ಅಕ್ಷರ.' ಅದರ ಮುಂದೆ ತಲೆಬುಡವಿಲ್ಲದ ಕಸ.

ಕೆಳಗಿನ ಸಾಲೂ ಹಾಗೇ. ಅದರ ಕೆಳಗಿನದೂ ಹಾಗೇ.

ಇಂದುಧರ ಟೇಬಲ್ ಮುಚ್ಚಿ ಮತ್ತೆ ತೆರೆದ; ಅದೇ ಕಸ. ಗುರುಗಳು ಬಗ್ಗಿ, ಅವನು ಟೈಪ್ ಕಟ್ಟಿದ ಬಗೆಯನ್ನು ಒಂದೊಂದೇ ಸಾಲಾಗಿ ಓದಿದರು. ಓದುತ್ತ ಓದುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಮಾತು ಇಡೂ ಜಾಗಾದಾಗ ಏನಿಟ್ಟಿ?"

"ಮಾತು ಮೆಮೊರಿಯೊಳಗ ಎಲ್ಲೈತಿ ಅಂತ ಅದರ ವಿಳಾಸ ಇಟ್ಟೀನ್ರಿ."

"ಮತ್ತ ಮಾತು?"

"ಅದು... ಮೆಮೊರಿಯೊಳಗ ಇತ್ರಿ."

ಕಂಪ್ಯೂಟರ್ ಎಚ್ಚರವಿದ್ದಷ್ಟು ದಿನ ಆ ವಿಳಾಸ ನಿಜವೇ ಆಗಿತ್ತು. ಕೇಳಿದಾಗೆಲ್ಲ ಅದು ಅಲ್ಲಿಗೆ ಹೋಗಿ ಮಾತನ್ನು ತಂದುಕೊಡುತ್ತಿತ್ತು. ಆರಿಸಿದ ಕೂಡಲೇ ಮೆಮೊರಿ ಬರಿದಾಯಿತು. ಡೇಟಾಬೇಸಿನಲ್ಲಿ ಉಳಿದದ್ದು ಯಾರೂ ಇಲ್ಲದ ಮನೆಗಳ ವಿಳಾಸ ಮಾತ್ರ.

ಕಟ್ಟೆಯ ಮೇಲಿಂದ ದ್ಯಾವಣ್ಣ ಇದನ್ನೆಲ್ಲ ನೋಡುತ್ತಿದ್ದ. ಎದ್ದು ಬಂದು ಇಂದುಧರನ ಭುಜ ಹಿಡಿದ.

"ಹೋದ್ವೇನು?" ಎಂದು ಉಸುರಿದ. "ಬಾಯಿ ಮುಚ್ಚಿಕೊಂಡಿರು ಅಂತ ಡಾಕ್ಟರು ಬೈದಿದ್ರು, ತಮ್ಮಾ. ಆದ್ರೂ ಎಂಟು ದಿನ ಮಾತಾಡೀನಿ."

ಮುಂದೆ ಏನೋ ಹೇಳಹೋದ. ಬಾಯಿಂದ ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಈ ಕಥೆ ಹೇಳುವಾಗ ಇಲ್ಲಿಗೆ ಬಂದರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಇಂದುಧರ ನೆಲಕ್ಕೆ ಕುಸಿದು ಅಳತೊಡಗಿದ.

"ನಾನೂ ಮೊದಲನೇ ದಿನಾನ ಕೇಳಬೇಕಾಗಿತ್ತು," ಎಂದರು ಗುರುಗಳು. "ಅದು ನನ್ನ ತಪ್ಪು. ನೀ ಅಳಬ್ಯಾಡ. ಇದನ್ನ ಹೇಳು. ಕೋಣನ ಮಡು ಹೆಂಗ ದಾಟಬೇಕು?"

"ಅದು ಹದಿನೇಳನೇ ಸಾಲಿನಾಗ ಇತ್ರಿ."

"ಸಾಲು ಕೇಳಲಿಲ್ಲ ನಾ. ನಿನ್ನ ಕಿವ್ಯಾಗ ಅಷ್ಟೊತ್ತು ಹೇಳ್ಯಾನಲ್ಲ, ಏನು ಹೇಳಿದ?"

ಇಂದುಧರ ಬಾಯಿ ತೆರೆದ. ಹುಡುಕಿದ. ಕೋಣನ ಮಡು ಹದಿನೇಳು, ಬಸರಿಗಿಡದ ಸುಳಿ ಇಪ್ಪತ್ತೆರಡು, ಅಕ್ಕತಂಗಿಯರ ಕಲ್ಲು ಮೂವತ್ತು. ಸಾಲುಗಳೆಲ್ಲ ನೆನಪಿದ್ದವು. ದ್ಯಾವಣ್ಣನ ಒಂದು ಮಾತೂ ನೆನಪಿರಲಿಲ್ಲ. ತಾನು ಕೇಳುತ್ತಿದ್ದುದೆಲ್ಲ ಕಿವಿಯಿಂದ ಸೀದಾ ಬೆರಳಿಗೆ ಇಳಿದು ಹೋಗಿತ್ತೆಂದು ಅವನಿಗೆ ಆಗ ತಿಳಿಯಿತು. ಕಂಪ್ಯೂಟರಿನಲ್ಲಿ ಕಸ ಕಂಡಾಗ ಹೆದರಿದ್ದಕ್ಕಿಂತ ಹೆಚ್ಚಾಗಿ ಈಗ ಹೆದರಿದ.

ಗುರುಗಳು ಅವನನ್ನು ನೋಡಿದರು.

"ನೀನೂ ಹಂಗ, ಬರೇ ವಿಳಾಸ ಇಟ್ಟಿದ್ದೀ."

ಆಮೇಲೆ ಅವರು ದ್ಯಾವಣ್ಣನ ಕಡೆ ತಿರುಗಿದರು.

"ದ್ಯಾವಣ್ಣ, ನಿನ್ನ ಬಸ್ಸು ಎಲ್ಲಿಂದ?"

ದ್ಯಾವಣ್ಣ ಹೊಳೆಯ ಆಚೆ ದಂಡೆಗೆ ಕೈಮಾಡಿದ.

"ಶಾಲಿ ಮಕ್ಕಳು ಹೋಗೂ ದಾರ್ಯಾಗ ಎಷ್ಟು ಸುಳಿ ಅದಾವ?"

ದ್ಯಾವಣ್ಣ ಒಂಬತ್ತು ಬೆರಳು ತೋರಿಸಿದ.

"ಉಳದ ಮೂವತ್ತೆರಡ್ರಿ?" ಎಂದ ಇಂದುಧರ.

"ಹೋದ್ವು," ಎಂದರು ಗುರುಗಳು.

ಮೂವರೂ ಹೊಳೆಗೆ ಇಳಿದರು. ಶ್ರಾವಣದ ನೀರು ಕೆಂಪಾಗಿ ದಂಡೆ ಮುಟ್ಟಿ ಹರಿಯುತ್ತಿತ್ತು. ಗುರುಗಳು ಹರಿಗೋಲಿನಿಂದ ಹುಟ್ಟು ಎತ್ತಿ ಇಂದುಧರನ ಕೈಗಿಟ್ಟರು.

"ಹುಟ್ಟು ನೀ ಹಾಕು. ದ್ಯಾವಣ್ಣ ಮುಂದ ಕೂತು ಕೈಸನ್ನಿ ಮಾಡತಾನ, ಉಸರು ಇದ್ದಷ್ಟು ಹೇಳತಾನ."

"ನೋಟ್‌ಬುಕ್ ತರಲ್ರಿ?"

"ಯಾವ ಕೈಯಾಗ ಹಿಡೀತಿ?"

ದ್ಯಾವಣ್ಣ ಹತ್ತಿ ಕೂತ. ಇಂದುಧರ ಒಂದು ಕಾಲು ಒಳಗಿಟ್ಟು ನಿಂತ.

"ವಾಪಸ್ ಬರಬೇಕಾದ್ರ, ಗುರುಗಳ?"

"ದ್ಯಾವಣ್ಣ ಆ ದಂಡಿಗಿ ಇಳದು ಬಸ್ ಹತ್ತತಾನ. ಹರಿಗೋಲು ನೀ ಒಬ್ಬನ ತರಬೇಕು."

ಇಂದುಧರ ಒಳಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದ.

"ಗುರುಗಳ... ನನಗ ಈಜು ಬರೂದಿಲ್ರಿ."

"ಗೊತ್ತೈತಿ. ಈಜು ಬರದಾವ ಕೇಳಿದ್ದು ಮರಿಯೂದಿಲ್ಲ. ಅದಕ್ಕ ನಿನ್ನ ಕಳಸಾಕತ್ತೀನಿ."