ಬೇಲಿಯಾಚೆಗೆ ಬಿಟ್ಟ ಹುಳಗಳು

ಹೊಳೆದಂಡೆಯ ಆಶ್ರಮದಲ್ಲಿ ನಂಜಯ್ಯನಿಗೆ ಎಲೆಕೋಸಿನ ಪಾತಿ ಒಪ್ಪಿಸಿದ್ದರು. ಯಾವ ಜೀವವನ್ನೂ ಕೊಲ್ಲುವುದಿಲ್ಲವೆಂದು ಆತ ಗುರುಗಳ ಪಾದ ಮುಟ್ಟಿ ವ್ರತ ಹಿಡಿದಿದ್ದ. ಈ ಸಮಾಚಾರ ಹುಳಗಳಿಗೆ ಹೇಗೆ ಮುಟ್ಟಿತೋ, ಆ ವರ್ಷ ದಂಡು ಕಟ್ಟಿಕೊಂಡು ಬಂದವು.

ನಂಜಯ್ಯ ಜಗ್ಗಲಿಲ್ಲ. ಬೆಳಗಾಗುತ್ತಲೇ ಎಲೆ ಎಲೆ ಮಗುಚಿ ಹುಳ ಆಯುತ್ತಿದ್ದ. ಒಂದಕ್ಕೂ ನೋವಾಗದಂತೆ ದೊನ್ನೆಯಲ್ಲಿಟ್ಟು, ದಟ್ಟ ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಆಚೆಗೆ ಬಿಡುತ್ತಿದ್ದ. "ಸುಖವಾಗಿರಿ" ಎಂದು ಕೈಯನ್ನೂ ಮುಗಿಯುತ್ತಿದ್ದ. ಆಚೆಗೆ ಏನಿದೆಯೆಂದು ಮಾತ್ರ ಇಣುಕಿದವನಲ್ಲ. ಅವನ ಕಣ್ಣೆಲ್ಲ ತನ್ನ ಕೋಸಿನ ಮೇಲೆ.

ಕೋಸು ಬಲಿತು ಗುಂಡಗೆ ಕೂತಾಗ ಅವನಿಗೆ ಹಿಗ್ಗೋ ಹಿಗ್ಗು. ಗುರುಗಳನ್ನು ಕರೆತಂದ.

"ನೋಡಿ ಬುದ್ಧಿ, ಒಂದು ತೂತಿಲ್ಲ. ಒಂದು ಹುಳವನ್ನೂ ಕೊಂದಿಲ್ಲ."

"ಭೇಷ್. ಹುಳ ಎಲ್ಲಿಗೆ ಹೋದವು?"

"ಬೇಲಿಯಾಚೆಗೆ."

"ನಡಿ, ಹೇಗಿವೆ ನೋಡಿಬರೋಣ."

ಬೇಲಿಯಾಚೆ ತಾಯಮ್ಮನ ತೋಟ. ಕೋಸು ಬೆಳೆದು, ಸಂತೆಗೆ ಹೊತ್ತು, ಮೊಮ್ಮಕ್ಕಳನ್ನು ಸಾಕುವ ಹೆಂಗಸು. ಅವಳ ಕೋಸೆಲ್ಲ ಜರಡಿಯಾಗಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಹುಳ ಹಿಸುಕುತ್ತಿದ್ದಳು. ಬೆರಳೆಲ್ಲ ಹಸಿರು.

"ಬನ್ನಿ ಬುದ್ಧಿ," ಎಂದು ಎದ್ದಳು. "ಈ ವರ್ಷ ಅದೆಲ್ಲಿಂದ ಬತ್ತವೋ ಕಾಣೆ. ಸಂಜೆ ಎಲ್ಲಾ ಆಯ್ದು ಹೋಗಿರ್ತೀನಿ, ಬೆಳಿಗ್ಗೆ ಬಂದ್ರೆ ಮತ್ತೆ ಅಷ್ಟೇ. ಕೊಲ್ಲಾಕೆ ನಂಗೂ ಮನಸಿಲ್ಲ. ಆದ್ರೆ ಮನೇಲಿ ಮಕ್ಕಳವ್ರೆ. ಪಾಪ ನನ್ ತಲೆ ಮ್ಯಾಲೇ ಇರ್ಲಿ."

ನಂಜಯ್ಯ ಗುರುಗಳ ಕಡೆ ನೋಡಿದ. ಅವರು ಹೊಳೆಯ ಕಡೆ ನೋಡುತ್ತಿದ್ದರು. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ತಾಯಮ್ಮ, ಅವನ್ನ ಬಿಡ್ತಾ ಇದ್ದವನು ನಾನೇ."

ತಾಯಮ್ಮ ಅವನನ್ನೇ ಮಿಕಿಮಿಕಿ ನೋಡಿದಳು.

"ನೀವಾ! ಸಾಯಿಸೋ ಕೆಲಸಾನ ನಂಗೆ ಬಿಟ್ಟು, ಪುಣ್ಯಾನ ನೀವು ಕಟ್ಕೊಂಡ್ರಾ ನಂಜಯ್ಯನೋರೇ?"

ನಂಜಯ್ಯ ಗುರುಗಳ ಕಡೆ ತಿರುಗಿದ.

"ಏನು ಮಾಡಲಿ ಬುದ್ಧಿ? ಕೊಂದರೆ ವ್ರತ ಕೆಡುತ್ತೆ. ಬಿಟ್ಟರೆ ಇವರ ಬೆಳೆ ಕೆಡುತ್ತೆ."

ಗುರುಗಳು ಪಂಚೆ ಎತ್ತಿ ಕಟ್ಟಿ ತಾಯಮ್ಮನ ಪಾತಿಯಲ್ಲೇ ಕೂತರು. ಒಂದು ಹುಳ ತೆಗೆದು ನಂಜಯ್ಯನ ಅಂಗೈಯಲ್ಲಿಟ್ಟರು. ಇನ್ನೊಂದು ತೆಗೆದರು, ಅದನ್ನೂ ಇಟ್ಟರು.

ಅವನಿಗೆ ಅರ್ಥವಾಯಿತು. ಮಧ್ಯಾಹ್ನದವರೆಗೂ ಕೂತು ಆಯ್ದು, ಎಲ್ಲವನ್ನೂ ತನ್ನ ಪಾತಿಗೇ ಹೊತ್ತು ತಂದ. ಹೊಳೆಯ ಬದಿಯ ಒಂದು ಸಾಲು ಬಿಟ್ಟು ಉಳಿದ ಕೋಸನ್ನೆಲ್ಲ ಕಿತ್ತು ತಾಯಮ್ಮನ ಪುಟ್ಟಿಗೆ ತುಂಬಿದ. ಉಳಿದ ಸಾಲಿನ ಮೇಲೆ ಹುಳಗಳನ್ನು ಬಿಟ್ಟ. ಅವು ಸಂಕೋಚವಿಲ್ಲದೆ ಊಟಕ್ಕೆ ಕೂತವು.

ತಾಯಮ್ಮನ ಕೋಪ ಇಳಿದಿತ್ತು. ಪುಟ್ಟಿ ಹೊತ್ತು ಹೊರಡುವಾಗ ನಕ್ಕಳು. "ನಾಳೆನೂ ಆಯಾಕೆ ಬನ್ನಿ, ನಂಜಯ್ಯನೋರೇ. ನಿಮ್ ಕೈ ಚುರುಕಾಗದೆ."

ಅಂದು ಆಶ್ರಮದ ಊಟಕ್ಕೆ ಮುದ್ದೆ, ಉಪ್ಪುಸಾರು. ಪಲ್ಯವಿಲ್ಲ. ನಂಜಯ್ಯನಿಗೆ ಹಸಿವು ಜೋರಾಗಿತ್ತು, ಮನಸ್ಸು ಹಗುರವಾಗಿತ್ತು. ಆದರೂ ಒಂದು ಅಳುಕು ಉಳಿದಿತ್ತು.

"ಬುದ್ಧಿ, ನನ್ನ ವ್ರತ ಯಾವತ್ತೋ ಮುರಿದುಹೋದ ಹಾಗಾಯಿತಲ್ಲ?"

ಗುರುಗಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು.

"ಇಷ್ಟು ದಿನ ನಿನ್ನ ವ್ರತದ ಭಾರವನ್ನು ತಾಯಮ್ಮ ಹೊತ್ತಿದ್ದಳು. ಇವತ್ತು ನೀನು ಹೊತ್ತೆ. ಊಟ ಮಾಡು."